ಬಾಟಲಿಯಲ್ಲಿ ನೀರು ತಗೊಂಡು ಹೋದವರು

ಈ ದೇಶದಲ್ಲಿ ಪ್ರಶಸ್ತಿ ಇಲ್ಲದ ಕೆಲಸವೇ ಇಲ್ಲವೇನೋ ಅನ್ನಿಸುತ್ತೆ. ಅತ್ಯುತ್ತಮ ಸಾರ್ವಜನಿಕ ಶೌಚಾಲಯಕ್ಕೂ ಇಲ್ಲಿ ವರ್ಷಾವರ್ಷ ಪ್ರಶಸ್ತಿ ಕೊಡ್ತಾರೆ, ತಮಾಷೆ ಅಲ್ಲ. ಹಾಗಿರುವಾಗ ವಿಶ್ವವಿದ್ಯಾಲಯಗಳು ಸುಮ್ಮನಿರುತ್ತವೆಯೆ? ಟೈಮ್ಸ್ ಹೈಯರ್ ಎಜುಕೇಶನ್‌ನವರು ಕೊಡುವ ಪ್ರಶಸ್ತಿಗಳಲ್ಲಿ ಶಾಲಾ ಮಕ್ಕಳನ್ನು ತಲುಪುವ ಕೆಲಸಕ್ಕೆ ಒಂದು ವಿಭಾಗವೇ ಇದೆ. ಶಾಲೆ ಮತ್ತು ವಿಶ್ವವಿದ್ಯಾಲಯ ಕೂಡಿ ಮಾಡುವ ಒಳ್ಳೆಯ ಕೆಲಸವನ್ನು ಗುರುತಿಸಿ ಫಲಕ ಕೊಡುವವರು ಇನ್ನೂ ಹಲವರಿದ್ದಾರೆ. ಹೋದ ವರ್ಷ ಅಂಥದ್ದೊಂದಕ್ಕೆ ನಮ್ಮ ವಿಭಾಗವೂ ಅರ್ಜಿ ಹಾಕಿತು. ಅದರಲ್ಲಿ ಒಂದು ಪುಟ ಬರೆಯುವುದು ನನ್ನ ಪಾಲಿಗೆ ಬಂತು. ಆ ಶಾಲೆಗೆ ಬುಧವಾರ ಬುಧವಾರ ಹೋಗ್ತಿದ್ದವಳು ನಾನು, ಅಷ್ಟೇ ಕಾರಣ.

ಬರೆಯೋಕೆ ಕೂತಾಗ ಹೊಳೆದದ್ದನ್ನೆಲ್ಲ ಆ ಪುಟದಲ್ಲಿ ತುಂಬಿಸೋಕೆ ಆಗಲಿಲ್ಲ. ನಮ್ಮ ಸಂಘದ ಪುಸ್ತಿಕೆಯಲ್ಲಿ ಪದಮಿತಿ ಸ್ವಲ್ಪ ಧಾರಾಳ, ಆದ್ದರಿಂದ ಇಲ್ಲಿ.

ಮೊದಲು ಒಂದು ವಿಷಯ. ವಿಶ್ವವಿದ್ಯಾಲಯಗಳು ಬಡ ಬಡಾವಣೆಗಳ ಶಾಲೆಗಳಿಗೆ ಹೋಗುವುದನ್ನು ನಮ್ಮಲ್ಲಿ ಸುಮಾರು ಜನ ಧರ್ಮಕಾರ್ಯ ಅಂತ ತಿಳ್ಕೊಂಡಿದ್ದಾರೆ. ಅದಕ್ಕೊಂದು ಕಾನೂನಿದೆ. 2004ರ ಉನ್ನತ ಶಿಕ್ಷಣ ಕಾಯ್ದೆ ಬಂದಾಗ, ಮೂಲ ಶುಲ್ಕಕ್ಕಿಂತ ಹೆಚ್ಚು ವಸೂಲಿ ಮಾಡಬೇಕಾದರೆ ಹಿಂದುಳಿದ ಮಕ್ಕಳನ್ನು ಒಳಗೆ ತರೋಕೆ ಏನು ಮಾಡ್ತೀರಿ ಅಂತ ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು ಅಂತಾಯ್ತು. 2006ರಲ್ಲಿ ಶುಲ್ಕದ ಮಿತಿ 3,000 ಪೌಂಡ್, 2012ರಲ್ಲಿ 9,000, 2025ರಲ್ಲಿ 9,535. ಈಗ ಆ ಯೋಜನೆಗಳನ್ನು ನೋಡಿ ಮುದ್ರೆ ಒತ್ತುವುದು ಆಫೀಸ್ ಫಾರ್ ಸ್ಟೂಡೆಂಟ್ಸ್. ಅಂದರೆ ಶಾಲೆಗೆ ಹೋಗುವುದು ಶುಲ್ಕ ಏರಿಸಿದ್ದಕ್ಕೆ ಒಪ್ಪಿಕೊಂಡ ಷರತ್ತು. (ನಮ್ಮಂಥ ಹೊರದೇಶದವರ ಶುಲ್ಕಕ್ಕೆ ಮಿತಿಯೂ ಇಲ್ಲ, ಷರತ್ತೂ ಇಲ್ಲ. ಅದು ಬೇರೆ ಲೇಖನಕ್ಕೆ ಇರಲಿ, ಈಗ ಬರೆದರೆ ಕಣ್ಣಲ್ಲಿ ನೀರು ಬರುತ್ತೆ.) ಷರತ್ತಿನ ಮೇಲೆ ಮಾಡಿದ ಕೆಲಸ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆದರೆ ಬಾಧ್ಯತೆಯಿಂದ ಮಾಡೋದಕ್ಕೆ ಫಲಕ ಕೊಡುವಾಗ ಯಾವುದನ್ನು ನೋಡಿ ಕೊಡ್ತೀರಿ ಅಂತ ಕೇಳಬಹುದಲ್ವಾ.

ಕಾನೂನು ಬರುವ ಎಷ್ಟೋ ಮುಂಚೆಯೇ ಲಂಡನ್ನಿನಲ್ಲಿ ಇದರ ಬೇರಿದೆ. ವೈಟ್‌ಚಾಪೆಲ್‌ನ ಟಾಯ್ನ್‌ಬಿ ಹಾಲ್ ಶುರುವಾದದ್ದು 1884ರಲ್ಲಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನ ಹುಡುಗರು ಬಂದು ಪೂರ್ವ ಲಂಡನ್ನಿನ ಬಡವರ ನಡುವೆ ವಾಸ ಮಾಡಿ ಪಾಠ ಹೇಳಲಿ ಅನ್ನೋದು ಸ್ಯಾಮ್ಯುಯೆಲ್ ಮತ್ತು ಹೆನ್ರಿಯೆಟಾ ಬಾರ್ನೆಟ್ ದಂಪತಿಯ ಆಸೆ. ಮೂರು ವರ್ಷದ ಮೇಲೆ ಮೈಲ್ ಎಂಡ್ ರಸ್ತೆಯಲ್ಲಿ ಪೀಪಲ್ಸ್ ಪ್ಯಾಲೇಸ್ ತೆರೆಯಿತು. ಅಲ್ಲಿನ ತಾಂತ್ರಿಕ ತರಗತಿಗಳು ಬೆಳೆದು ಬೆಳೆದು ಇವತ್ತಿನ ಕ್ವೀನ್ ಮೇರಿ ಆಯ್ತು. ಆ ತರಗತಿಗಳಿಗೆ ದುಡ್ಡು ಕೊಟ್ಟ ಡ್ರೇಪರ್ಸ್ ಕಂಪನಿಯೂ ಕ್ವೀನ್ ಮೇರಿಯೂ ಸೇರಿ ಈಗ ಹೇವರಿಂಗ್‌ನ ಹೆರಾಲ್ಡ್ ಹಿಲ್‌ನಲ್ಲಿ ಡ್ರೇಪರ್ಸ್ ಅಕಾಡೆಮಿ ನಡೆಸ್ತಿವೆ. ಕ್ಯಾಮ್ಡನ್‌ನಲ್ಲಿ 2012ರಿಂದ ಯುಸಿಎಲ್ ಅಕಾಡೆಮಿ ಇದೆ. ಬಸವ ಜಯಂತಿಗೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವಣ್ಣನ ಪ್ರತಿಮೆ ಹತ್ತಿರ ಸೇರ್ತೀವಲ್ಲ, ಅಲ್ಲಿಂದ ಸ್ವಲ್ಪ ನಡೆದರೆ ಕೆನ್ನಿಂಗ್ಟನ್ ರಸ್ತೆಯಲ್ಲಿ ಕಿಂಗ್ಸ್ ಕಾಲೇಜಿನ ಗಣಿತ ಶಾಲೆ ಸಿಗುತ್ತೆ, 2014ರದ್ದು. ಇಂಪೀರಿಯಲ್‌ನವರೂ 2023ರಲ್ಲಿ ವುಡ್ ಗ್ರೀನ್‌ನಲ್ಲಿ ಒಂದು ಗಣಿತ ಶಾಲೆ ತೆರೆದಿದ್ದಾರೆ.

ಇವೆಲ್ಲ ಒಳ್ಳೆಯ ಶಾಲೆಗಳೇ. ಗಣಿತದ ಹುಚ್ಚಿರುವ ಹದಿನಾರರ ಹುಡುಗಿಗೆ ಕಿಂಗ್ಸ್ ಗಣಿತ ಶಾಲೆಗಿಂತ ಒಳ್ಳೆಯ ಜಾಗ ಈ ಊರಲ್ಲಿ ಎಷ್ಟಿದ್ದೀತು? ಆದರೂ ನನಗನ್ನಿಸೋದು, ತಾನೇ ಕಟ್ಟಿದ ಶಾಲೆಯ ಜೊತೆ ಚೆನ್ನಾಗಿರೋದು ಮನೆಮಗಳ ಜೊತೆ ಚೆನ್ನಾಗಿದ್ದ ಹಾಗೆ. ಬೇರೆ ಮನೆಯವರ ಜೊತೆ ಹೇಗಿರ್ತೀಯ ಅನ್ನೋದು ಬೇರೆ ಪ್ರಶ್ನೆ. ಹೆಸರೇ ಕೇಳದ, ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದ ಸಾಧಾರಣ ಶಾಲೆಗಳೇ ಈ ಊರಲ್ಲಿ ಜಾಸ್ತಿ. ಅಂಥವಕ್ಕೆ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕಳಿಸುವ ಕೆಲಸವನ್ನು 2011ರಿಂದ ಬ್ರಿಲಿಯಂಟ್ ಕ್ಲಬ್ ಅನ್ನೋ ಸಂಸ್ಥೆ ಮಾಡ್ತಿದೆ, ಅದನ್ನು ಶುರುಮಾಡಿದ್ದು ಇಬ್ಬರು ಶಾಲಾ ಮೇಷ್ಟ್ರುಗಳು. ನಮ್ಮ ವಿಭಾಗದ್ದು ಅದೇ ಧಾಟಿಯ, ಅದಕ್ಕಿಂತ ತುಂಬ ಚಿಕ್ಕದಾದ ಸ್ವಂತ ಯೋಜನೆ. ನನಗೆ ಸಿಕ್ಕಿದ್ದು ನ್ಯೂಹ್ಯಾಮ್‌ನ ಒಂದು ಶಾಲೆ, ಒಂಬತ್ತನೇ ವರ್ಷದ ಹನ್ನೆರಡು ಮಕ್ಕಳು, ಆರು ಬುಧವಾರ. ವಿಷಯ ನೀರು, ಯಾಕಂದರೆ ನನ್ನ ಸಂಶೋಧನೆ ಅಂತರ್ಜಲದ ರಸಾಯನದ್ದು.

ನೀರಿನ ಪಾಠಕ್ಕೆ ಲಂಡನ್ ಹೇಳಿ ಮಾಡಿಸಿದ ಊರು. ಹರ್ಟ್‌ಫರ್ಡ್‌ಶೈರ್‌ನ ಬುಗ್ಗೆಗಳಿಂದ ಇಸ್ಲಿಂಗ್ಟನ್‌ಗೆ ನೀರು ತಂದ ನ್ಯೂ ರಿವರ್ ಕಾಲುವೆ 1613ರದ್ದು. ಹೆಸರು 'ಹೊಸ ನದಿ', ವಯಸ್ಸು ನಾನೂರು ದಾಟಿದೆ. ಮಕ್ಕಳಿಗೆ ಇದೇ ದೊಡ್ಡ ನಗು. ಪೂರ್ವ ಲಂಡನ್ನಿಗೆ ಲೀ ಕಣಿವೆಯ ಜಲಾಶಯಗಳಿವೆ. ಮಕ್ಕಳ ಮನೆಗಳ ಹತ್ತಿರವೇ ಬೆಕ್ಟನ್‌ನಲ್ಲಿ, ಥೇಮ್ಸ್‌ನ ಉಪ್ಪುಮಿಶ್ರಿತ ನೀರನ್ನು ಸಿಹಿ ಮಾಡೋಕೆ 2010ರಲ್ಲಿ ಕಟ್ಟಿದ ಘಟಕ ಇದೆ. ಇನ್ನು ಗಡಸು ನೀರು. ನಮ್ಮ ಹಾಸ್ಟೆಲ್ಲಿನ ಕೆಟಲ್ ಒಳಗೆ ಕಟ್ಟಿಕೊಳ್ಳುವ ಆ ಬಿಳಿ ಸುಣ್ಣ ಗೊತ್ತಲ್ಲ! ಲೀಟರಿಗೆ 200 ಮಿಲಿಗ್ರಾಂ ದಾಟಿದರೆ ಗಡಸು ಅಂತಾರೆ, ಲಂಡನ್ನಿನ ಬಹುಪಾಲು ನಲ್ಲಿಗಳಲ್ಲಿ ಬರೋದು ಅಂಥದ್ದೇ. ಮಕ್ಕಳು ಅವರವರ ಮನೆಯ ನಲ್ಲಿ ನೀರು ತಂದು, ಸೋಪಿನ ದ್ರಾವಣ ಹನಿ ಹನಿ ಹಾಕಿ, ಎಷ್ಟು ಹನಿಗೆ ನೊರೆ ನಿಲ್ಲುತ್ತೆ ಅಂತ ಎಣಿಸಬೇಕು. ನೀರಿನ ಕಂಪನಿ ತಮ್ಮ ಪಿನ್‌ಕೋಡಿಗೆ ಹೇಳುವ ಅಂಕಿ ಜೊತೆ ಅದನ್ನು ಹೋಲಿಸಬೇಕು. ಇಷ್ಟು ನನ್ನ ಯೋಜನೆ.

ಮೊದಲ ಬುಧವಾರಕ್ಕೆ ಮುಂಚೆ ಆ ಶಾಲೆಯ ವಿಜ್ಞಾನದ ಮೇಡಂ ಜೊತೆ ಅರ್ಧ ಗಂಟೆ ಮಾತಾಡಬೇಕಿತ್ತು. ನಾನು ಪವರ್‌ಪಾಯಿಂಟ್ ಎಲ್ಲ ಇಟ್ಕೊಂಡು ಹೋಗಿದ್ದೆ. ಆಕೆ ಅದನ್ನು ತೆರೆಯಲೇ ಇಲ್ಲ. ಎರಡೇ ಪ್ರಶ್ನೆ ಕೇಳಿದರು. ಮಕ್ಕಳು ತಂದ ನೀರಿನ ಫಲಿತಾಂಶ ಮಕ್ಕಳ ಕೈಗೆ ಯಾವತ್ತು ಬರುತ್ತೆ? ಮುಂದಿನ ವರ್ಷ ಯಾರು ಬರ್ತೀರಿ?

ಎರಡನೆಯದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮೊದಲನೆಯದು ಕೇಳಿ ನಾನು ಒಂದು ನಿಮಿಷ ಮಾತೇ ಆಡಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಪಾವಗಡಕ್ಕೆ ಹೋಗಬೇಕು.

ನಮ್ಮೂರು ಪಾವಗಡ ತಾಲ್ಲೂಕಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೋರಲ್ಲಿ ಫ್ಲೋರೈಡ್. ನಮ್ಮ ಶಾಲೆಗೆ ಹೊರಗಿನಿಂದ ಬರುತ್ತಿದ್ದವರು ಎರಡು ಥರ. ಒಂದು, ಬಿ.ಎಡ್. ಕಾಲೇಜಿನವರು. ಕರ್ನಾಟಕದಲ್ಲಿ ಓದಿದ ಯಾರಿಗೆ ಇವರ ನೆನಪಿಲ್ಲ ಹೇಳಿ! ಇಸ್ತ್ರಿ ಮಾಡಿದ ಸೀರೆ, ಸುತ್ತಿದ ಚಾರ್ಟು, ಥರ್ಮಕೋಲಿನ ಹೃದಯ, ಹಿಂದಿನ ಬೆಂಚಲ್ಲಿ ಕೂತು ಗುರುತು ಹಾಕ್ಕೊಳ್ಳುವ ಅವರ ಮೇಷ್ಟ್ರು. ಆ ದಿನ ಮಾತ್ರ ನಮಗೆ "ಯಾರು ಹೇಳ್ತೀರಾ ಮಕ್ಕಳೇ?" ಅನ್ನೋ ಮರ್ಯಾದೆ. ಕೊನೆ ದಿನ ಚಾಕಲೇಟು, ಆಟೋಗ್ರಾಫು, ಇಬ್ಬರು ಮೂವರು ಹುಡುಗಿಯರ ಅಳು. ಅವರು ನಮ್ಮ ಮೇಲೆ ಪಾಠ ಕಲಿತು ಹೋಗ್ತಿದ್ದರು, ನಮಗೂ ಒಂದು ತಿಂಗಳು ಹಬ್ಬ. ಲೆಕ್ಕ ಸಮ. ಇಲ್ಲಿಯೂ ಹಾಗೇ: ಇಂಗ್ಲೆಂಡಿನಲ್ಲಿ ಶಿಕ್ಷಕರ ತರಬೇತಿಗೆ ಸೇರಿದವರು ವರ್ಷದಲ್ಲಿ 120 ದಿನ ಶಾಲೆಯಲ್ಲೇ ಇರಬೇಕು, ಶಾಲೆಯ ಒಬ್ಬ ಮೇಷ್ಟ್ರು ಅವರಿಗೆ ಮಾರ್ಗದರ್ಶಿ ಆಗಿರಬೇಕು. ವಿಶ್ವವಿದ್ಯಾಲಯಗಳೂ ಶಾಲೆಗಳೂ ಕೂಡಿ ಮಾಡುವ ಇಷ್ಟು ಹಳೆಯ, ಇಷ್ಟು ದೊಡ್ಡ ಕೆಲಸ ಇನ್ನೊಂದಿಲ್ಲ. ದಿನಾ ನಡೆಯುವಂಥದ್ದಾದ್ದರಿಂದಲೋ ಏನೋ, ಅದನ್ನು ಯಾರೂ ಹೊಗಳೋದಿಲ್ಲ.

ಎರಡನೆಯ ಥರದವರು ಒಂದೇ ಸಲ ಬಂದಿದ್ದು, ನಾನು ಆರನೇ ಕ್ಲಾಸಲ್ಲಿದ್ದಾಗ. ಯಾವುದೋ ವಿಶ್ವವಿದ್ಯಾಲಯದ ತಂಡ, ಬಿಳಿ ಜೀಪು. ನಮ್ಮನ್ನು ಸಾಲಾಗಿ ನಿಲ್ಲಿಸಿ "ಹಲ್ಲು ತೋರಿಸಿ" ಅಂದರು. ಒಬ್ಬೊಬ್ಬರ ಹಲ್ಲಿನ ಫೋಟೋ ತೆಗೆದರು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಇದೆ, ನಮ್ಮ ಊರಿನ ನನ್ನ ವಯಸ್ಸಿನವರಿಗೆಲ್ಲ ಹೆಚ್ಚುಕಮ್ಮಿ ಇದೆ. ಅಲ್ಲೀತನಕ ಅದು ಹಲ್ಲಿನ ಬಣ್ಣ ಅಂತಲೇ ನಾವು ಅಂದುಕೊಂಡಿದ್ದೆವು. ಶಾಲೆಯ ಬೋರ್‌ವೆಲ್ ನೀರನ್ನು ಎರಡು ಬಾಟಲಿಯಲ್ಲಿ ತುಂಬಿಸಿ, ಮೇಲೆ ಚೀಟಿ ಅಂಟಿಸಿ ತಗೊಂಡು ಹೋದರು. ರಿಪೋರ್ಟ್ ಕಳಿಸ್ತೀವಿ ಅಂದಿದ್ದರು. ನಮ್ಮ ಹೆಡ್‌ಮಾಸ್ಟರು ಕಾದರು. ಒಂದೆರಡು ಸಲ ಪೋಸ್ಟ್‌ಮ್ಯಾನ್‌ಗೆ ಕೇಳಿದ್ದನ್ನು ನಾನೇ ಕೇಳಿಸ್ಕೊಂಡಿದ್ದೇನೆ. ಏನೂ ಬರಲಿಲ್ಲ. ನಾವು ಅದೇ ನೀರು ಕುಡಿದೆವು. ಎಲ್ಲೋ ಒಂದು ಪ್ರಬಂಧದಲ್ಲಿ ನಮ್ಮ ಹಲ್ಲುಗಳು ಒಂದು ಕೋಷ್ಟಕದ ಸಾಲಾಗಿರಬೇಕು. ಆ ಪ್ರಬಂಧಕ್ಕೆ ಪದವಿಯೂ ಸಿಕ್ಕಿರಬೇಕು.

ಆ ಜೀಪೇ ನನ್ನನ್ನು ರಸಾಯನಶಾಸ್ತ್ರಕ್ಕೆ ತಂದಿದ್ದು ಅಂತ ಹೇಳಿದರೆ ಚೆನ್ನಾಗಿರುತ್ತೆ, ಆದರೆ ಸುಳ್ಳು. ಪಿಯುಸಿಯಲ್ಲಿ ಕೆಮಿಸ್ಟ್ರಿಗೆ ಅಂಕ ಬಂದಿತ್ತು, ಅಷ್ಟೇ. ನ್ಯೂಹ್ಯಾಮ್‌ನ ಮೇಡಂಗೆ ಮಾತ್ರ ಆವತ್ತು ಹೇಳಿದೆ: ಆರನೇ ಬುಧವಾರದೊಳಗೆ ಎಲ್ಲ ಹನ್ನೆರಡು ಫಲಿತಾಂಶ ಮಕ್ಕಳ ಕೈಯಲ್ಲಿರುತ್ತೆ.

ನಾಲ್ಕನೇ ವಾರ ಫ್ಲೋರೈಡ್ ವಿಷಯ ಬಂತು. ನನ್ನ ಹಲ್ಲು ತೋರಿಸಿಯೇ ಪಾಠ ಶುರು ಮಾಡಿದೆ. ಒಬ್ಬ ಹುಡುಗಿ ಕೈ ಎತ್ತಿದಳು. ಅವಳ ಚಿಕ್ಕಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾರೆ, ಅಲ್ಲಿ ಹಲ್ಲು ಹುಳುಕಾಗಬಾರದು ಅಂತ ನೀರಿಗೆ ಫ್ಲೋರೈಡ್ ಹಾಕ್ತಾರಂತೆ. "ಮಿಸ್, ಅವರು ದುಡ್ಡು ಕೊಟ್ಟು ಹಾಕೋದೂ ನಿಮ್ಮ ಊರಲ್ಲಿ ವಿಷ ಆಗಿರೋದೂ ಒಂದೇನಾ?"

ಎರಡೂ ಒಂದೇ. ಬರ್ಮಿಂಗ್‌ಹ್ಯಾಮ್‌ನಲ್ಲಿ 1964ರಿಂದ ಹಾಕ್ತಿದ್ದಾರೆ, ಲೀಟರಿಗೆ ಸುಮಾರು 1 ಮಿಲಿಗ್ರಾಂ ಲೆಕ್ಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ 1.5. ಅದನ್ನು ದಾಟಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿಗೆ ಕಲೆ, ಇನ್ನೂ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೂ ಪೆಟ್ಟು. ಒಂದಕ್ಕೂ ಒಂದೂವರೆಗೂ ನಡುವೆ ಎಷ್ಟು ಸಣ್ಣ ಜಾಗ ಅಂತ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದೆ. ಇಷ್ಟು ವರ್ಷ ಈ ವಿಷಯ ಓದಿದ್ದೇನೆ, ಎರಡೂ ಊರನ್ನು ಹೀಗೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ. ನನ್ನ ಪ್ರಬಂಧದ ಮೊದಲ ಅಧ್ಯಾಯ ಈಗ ಅವಳ ಪ್ರಶ್ನೆಯಿಂದ ಶುರುವಾಗುತ್ತೆ. ಸೂಪರ್‌ವೈಸರ್‌ಗೂ ಇಷ್ಟವಾಯ್ತು.

ಇನ್ನೊಬ್ಬ ಹುಡುಗ ಕೇಳಿದ: "ನಿಮ್ಮ ಶಾಲೆಯ ಬಾಟಲಿ ರಿಸಲ್ಟ್ ಎಷ್ಟಿತ್ತು?" ಗೊತ್ತಿಲ್ಲ ಅಂದೆ. ಅವನು ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ನೀನು ಈ ವಿಷಯದಲ್ಲೇ ತಾನೇ ಡಾಕ್ಟರ್ ಆಗ್ತಿರೋದು, ಅನ್ನೋ ಥರ.

ಅರ್ಜಿಗೆ ವಾಪಸ್ ಬರ್ತೀನಿ. ಅದರಲ್ಲಿ ಕೇಳಿದ್ದು: ಎಷ್ಟು ಮಕ್ಕಳನ್ನು ತಲುಪಿದಿರಿ, ಎಷ್ಟು ಗಂಟೆ, ಎಷ್ಟು ಮಕ್ಕಳಿಗೆ ಈಗ ವಿಶ್ವವಿದ್ಯಾಲಯ ಸೇರುವ ಮನಸ್ಸು ಹೆಚ್ಚಾಗಿದೆ. ಹದಿಮೂರು ಹದಿನಾಲ್ಕು ವಯಸ್ಸಿನವರನ್ನು ಪಿಜ್ಜಾ ಕೊಟ್ಟ ದಿನ ಕೇಳಿದರೆ ಎಲ್ಲರಿಗೂ ಮನಸ್ಸು ಹೆಚ್ಚಾಗಿಯೇ ಇರುತ್ತೆ. ಗಂಟೆಗಳ ಲೆಕ್ಕ ಅಂದರೆ ನನ್ನ ಗಂಟೆಗಳು. ಮೇಡಂ ಹನ್ನೆರಡು ಮನೆಗಳಿಂದ ಒಪ್ಪಿಗೆ ಪತ್ರ ಸಂಗ್ರಹಿಸಿದ್ದು, ಅದರಲ್ಲಿ ಮೂವರು ತಾಯಂದಿರಿಗೆ ಸಂಜೆ ಫೋನ್ ಮಾಡಿ ವಿವರಿಸಿದ್ದು, ಅಪಾಯಗಳ ಪಟ್ಟಿ ತುಂಬಿದ್ದು, ತನ್ನ ಕ್ಲಾಸಿಗೆ ಬೇರೆಯವರನ್ನು ಒಪ್ಪಿಸಿದ್ದು, ಲ್ಯಾಬಿನ ಸಹಾಯಕರು ಬಾಟಲಿಗಳನ್ನು ತೊಳೆದು ಒಣಗಿಸಿಟ್ಟಿದ್ದು, ಇದ್ಯಾವುದಕ್ಕೂ ಅಲ್ಲಿ ಜಾಗ ಇರಲಿಲ್ಲ. ಓದಿನಲ್ಲಿ ಮುಂದಿರುವ ಹನ್ನೆರಡು ಜನರನ್ನು ಕೊಡಿ ಅಂತ ನಮ್ಮವರು ಕೇಳಿದ್ದರು. ಆಕೆ ಕೊಟ್ಟಿದ್ದು ಮುಂದಿರುವ ಆರು ಜನರನ್ನು, ಕ್ಲಾಸಲ್ಲಿ ಬಾಯೇ ಬಿಡದ ಆರು ಜನರನ್ನು. ಬರ್ಮಿಂಗ್‌ಹ್ಯಾಮ್ ಪ್ರಶ್ನೆ ಕೇಳಿದವಳು ಎರಡನೆಯ ಆರರಲ್ಲಿದ್ದವಳು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಯಾರಾದರೂ ಮಾಡಿದ ಒಳ್ಳೆಯ ಕೆಲಸ ಅಂದರೆ ಈ ಆಯ್ಕೆ.

ಇದನ್ನೇ ಪುಟದಲ್ಲಿ ಬರೆದೆ. ಶಾಲೆಯನ್ನೂ ಜೊತೆ ಅರ್ಜಿದಾರ ಅಂತ ಹಾಕೋಣ ಅಂತ ಕೇಳಿದೆ. ಫಾರಂನಲ್ಲಿ ಅರ್ಜಿದಾರ ಸಂಸ್ಥೆಗೆ ಒಂದೇ ಚೌಕ ಇದೆ, ಶಾಲೆಯ ಹೆಸರು ವಿವರಣೆಯಲ್ಲಿ ಬರುತ್ತೆ ಬಿಡಿ ಅಂದರು. ಬಂತು, ಎರಡನೆಯ ಪ್ಯಾರಾದಲ್ಲಿ. ಅರ್ಜಿ ಕೊನೆಯ ಪಟ್ಟಿಗೆ ಹೋಗಲಿಲ್ಲ. ಮೇಡಂಗೆ ಹೇಳಿದಾಗ, ಅಂಥ ಅರ್ಜಿ ಹೋಗಿತ್ತು ಅನ್ನೋದೇ ಆಕೆಗೆ ಗೊತ್ತಿರಲಿಲ್ಲ. ಪ್ರಶಸ್ತಿ ಕೊಡುವವರಿಗೆ ನನ್ನ ಸಲಹೆ ಕೇಳಿದರೆ (ಯಾರು ಕೇಳ್ತಾರೆ!) ಫಾರಂ ಶಾಲೆಗೆ ಕಳಿಸಿ ಅಂತೀನಿ. ಅವರು ತುಂಬಲಿ. ಈ ವಿಶ್ವವಿದ್ಯಾಲಯ ಹೇಳಿದ ದಿನ ಬಂತಾ, ಕೊಡ್ತೀವಿ ಅಂದಿದ್ದನ್ನು ಕೊಟ್ಟಿತಾ, ಎರಡನೇ ವರ್ಷ ಬಂತಾ. ಮೂರೇ ಚೌಕ ಸಾಕು.

ಜನವರಿಯಲ್ಲಿ ಊರಿಗೆ ಹೋದಾಗ ಫ್ಲೋರೈಡ್ ಪರೀಕ್ಷೆಯ ಕಿಟ್ ತಗೊಂಡು ಹೋಗಿದ್ದೆ. ಆ ಹುಡುಗನ ನೋಟಕ್ಕೆ ಉತ್ತರ ಕೊಡಬೇಕಿತ್ತಲ್ಲ. ನಮ್ಮ ಕಾಲದ ಹೆಡ್‌ಮಾಸ್ಟರು ನಿವೃತ್ತರಾಗಿದ್ದಾರೆ, ಈಗಿನವರು ಬೆಳಗಾವಿ ಕಡೆಯವರು. "ಏನ್ರೀ ಮೇಡಂ, ಮತ್ತ ಬಾಟಲಿ ತುಂಬಕೊಂಡ್ ಹೋಗವ್ರೇನ್?" ಅಂತ ಕೇಳಿದರು. ಆ ಜೀಪಿನ ಕತೆ ಅವರಿಗೂ ಯಾರೋ ಹೇಳಿದ್ದರು! ಇಲ್ಲ ಸಾರ್, ಇಲ್ಲೇ ನೋಡ್ತೀನಿ ಅಂದೆ. ಏಳನೇ ಕ್ಲಾಸಿನ ಮಕ್ಕಳ ಎದುರಿಗೇ ಮಾಡಿದೆ. ಬಣ್ಣ 1.5ರ ಗುರುತನ್ನು ದಾಟಿತು. ಮಕ್ಕಳು ಈಗ ಕುಡಿಯೋದು ಊರಿನ ಶುದ್ಧ ನೀರಿನ ಘಟಕದ್ದು, ಕಾಯಿನ್ ಹಾಕಿ ಹಿಡಿಯುವಂಥದ್ದು. ಆದರೆ ಬಿಸಿಯೂಟದ ಅನ್ನ ಸಾರು ಬೇಯುತ್ತಿದ್ದದ್ದು ಬೋರ್ ನೀರಲ್ಲೇ. ಕುದಿಸಿದರೆ ಸರಿಹೋಗುತ್ತಲ್ಲ ಅಂತ ಅಡುಗೆಯ ಅಕ್ಕ ಕೇಳಿದರು. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ ಅಂದೆ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿ, ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿದೆವು. ಅಡುಗೆಗೂ ಘಟಕದ ನೀರು ತರೋಣ ಅಂತ ಹೆಡ್‌ಮಾಸ್ಟರು ಒಪ್ಪಿದ್ದಾರೆ. ದಿನಕ್ಕೆ ಅಷ್ಟು ಕ್ಯಾನ್ ಹೊರುವವರು ಯಾರು, ಕಾಯಿನ್ ದುಡ್ಡು ಯಾವ ಲೆಕ್ಕದಿಂದ ಅನ್ನೋದು ನಾನು ಹೊರಡುವ ತನಕ ತೀರ್ಮಾನ ಆಗಿರಲಿಲ್ಲ. ವಾರಕ್ಕೊಂದು ಸಲ ವಾಟ್ಸಾಪಿನಲ್ಲಿ ಕೇಳ್ತಿದ್ದೀನಿ.

ಇನ್ನು ಮೇಡಂ ಕೇಳಿದ ಎರಡನೆಯ ಪ್ರಶ್ನೆ. ಬರುವ ವರ್ಷ ನಾನು ಆರು ತಿಂಗಳು ಫೀಲ್ಡ್ ಕೆಲಸಕ್ಕೆ ಊರಲ್ಲಿರ್ತೀನಿ, ಬುಧವಾರಗಳಿಗೆ ಜನ ಬೇಕು. ಈ ಸಂಘದಲ್ಲಿ ಇಂಜಿನಿಯರಿಂಗ್‌ನವರಿದ್ದೀರಿ, ಡೇಟಾ ಸೈನ್ಸ್‌ನವರಿದ್ದೀರಿ, ಕಾನೂನು ಓದುವವರು ಇಬ್ಬರಿದ್ದೀರಿ. ವಿಷಯ ನೀರೇ ಆಗಬೇಕು ಅಂತೇನಿಲ್ಲ. ಸಂಬಳ ಇದೆ, ಜಾಸ್ತಿ ಇಲ್ಲ. ವಿದ್ಯಾರ್ಥಿ ವೀಸಾದ ವಾರಕ್ಕೆ 20 ಗಂಟೆಯ ಲೆಕ್ಕದಲ್ಲಿ ಇದೂ ಸೇರುತ್ತೆ, ಬೇರೆ ಕಡೆ ಕೆಲಸ ಮಾಡ್ತಿದ್ದರೆ ನೋಡ್ಕೊಳ್ಳಿ. ಮಕ್ಕಳ ಜೊತೆ ಕೆಲಸ ಆದ್ದರಿಂದ ಡಿಬಿಎಸ್ ತಪಾಸಣೆ ಆಗಬೇಕು. ಅದರ ಜೊತೆ ನಮ್ಮ ಕಡೆಯ ಪೊಲೀಸ್ ಪ್ರಮಾಣಪತ್ರವನ್ನೂ ಕೇಳ್ತಾರೆ. ನನ್ನದು ಬರೋಕೆ ವಾರಗಟ್ಟಲೆ ಹಿಡೀತು. ಅಕ್ಟೋಬರಿಗೆ ಶುರುಮಾಡಬೇಕಾದರೆ ಅರ್ಜಿ ಜುಲೈಯಲ್ಲೇ ಹಾಕಬೇಕು. ಒಂದು ವರ್ಷಕ್ಕೆ ಒಪ್ಪಿಕೊಳ್ಳುವವರಿಗಿಂತ ಎರಡು ವರ್ಷ ಇಲ್ಲೇ ಇರುವವರು ಬಂದರೆ ನನಗೆ ಸಮಾಧಾನ. ಮೊದಲನೇ ವರ್ಷದ ಪಿಎಚ್‌ಡಿಯವರೇ, ನಿಮ್ಮನ್ನೇ ನೋಡ್ತಿದ್ದೀನಿ. ಮೇಡಂ ಫೋನ್ ನಂಬರು ನನ್ನ ಹತ್ತಿರ ಇದೆ. ಫಲಿತಾಂಶದ ದಿನ ಯಾವುದು ಅಂತ ಆಕೆ ಕೇಳ್ತಾರೆ, ಉತ್ತರ ಯೋಚಿಸಿಕೊಂಡು ಹೋಗಿ.